ಕೆಮಿಗೆ ಸಿಕ್ಕುವ ಹಕ್ಕಿಗೊ

ಎಂಗಳ ಕಡೆ ಅಡಕ್ಕೆ ತೋಟ, ಗುಡ್ಡೆ ಇಪ್ಪ ಮನೆಗಳಲ್ಲಿ ಹಕ್ಕಿ ಕಾಂಬದರಿಂದ ಕೇಳುದೇ ಜಾಸ್ತಿ. ಕುಟುರನನ್ನೇ ತೆಕ್ಕೊಳ್ಳಿ. ಮೈ ಹಸುರು, ಎಲೆ ಎಡೆಲಿ ಕೂದರೆ ಕಣ್ಣಿಂಗೆ ಬೀಳ. ಆದರೆ ಹಲಸಿನ ಮರಂದ ಒಂದು 'ಕುಟ್ರೂ ಕುಟ್ರೂ' ಸುರು ಮಾಡಿರೆ ಆಚ ಗುಡ್ಡೆಂದ ಇನ್ನೊಂದು ಓಗೊಡ್ತು, ಮಜ್ಜಾನ ಆದರೂ ನಿಲ್ಲ.

ಎನ್ನ ಅಬ್ಬೆ ಅಡಿಗೆಕೋಣೆಂದ ಹೆರ ಬಾರದ್ದೆ ಇದರೆಲ್ಲ ಹೇಳುಗು. ಸ್ವರ ಮಾಂತ್ರ ಅಲ್ಲ. ಎಲ್ಲಿಂದ, ಯಾವ ಹೊತ್ತಿಂಗೆ, ಎಷ್ಟು ಸರ್ತಿ ಹೇಳುದೂ ಅದರ ಲೆಕ್ಕಲ್ಲಿ ಇಕ್ಕು. ಮಳೆಗಾಲಲ್ಲಿ ಉದಿ ಅಪ್ಪ ಮೊದಲೆ ತೋಡಿನ ಕರೆಲಿ, ಕೆಲಸ ಇಲ್ಲದ್ದ ಮಾಣಿ ಶಿಳ್ಳೆ ಹಾಕಿದ ಹಾಂಗೆ ಕೇಳಿರೆ ಅದು ಸಿಳ್ಳಾರ. ಚಳಿಗಾಲಲ್ಲಿ ಕಸ್ತಲಪ್ಪಗ ಗುಡ್ಡೆ ಬುಡಲ್ಲಿ ಜೋಡಿ ಶಿಳ್ಳೆ ಕೇಳಿರೆ ಉತ್ತರಂದ ಬಂದ ನವರಂಗ. ಕೋಗಿಲೆಲಿ 'ಕುಹೂ' ಹೇಳುದು ಕಪ್ಪು ಗೆಂಡು. ಚುಕ್ಕಿ ಚುಕ್ಕಿ ಇಪ್ಪ ಹೆಣ್ಣಿಂದು ಬರೇ 'ಕಿಕ್ ಕಿಕ್ ಕಿಕ್'. ಪದ್ಯಂಗಳಲ್ಲಿ ಇಂಪಾಗಿ ಹಾಡುದೆಲ್ಲ ಹೆಣ್ಣು ಕೋಗಿಲೆಯೇ ಆದ್ದು ಎಂತಗೋ!

ಕಾಜಾಣದ ಎದುರು ಮಾಂತ್ರ ಆರ ಪಾಂಡಿತ್ಯವೂ ನಡೆಯ. ಬೀಲದ ಕೊಡಿಲಿ ಎರಡು ಉದ್ದ ಗರಿ ಇಪ್ಪ ಭೀಮರಾಜ ಇದ್ದಲ್ಲದ, ಅದು ಬೇರೆ ಹಕ್ಕಿಗಳ ಸ್ವರವ ಅಣಕುಸುತ್ತು. ಅಬ್ಬೆಯ ಉಪಾಯ ಎಂತರ ಹೇಳಿರೆ, ರಜ್ಜ ಕಾದು ಕೂಪದು. ಅಸಲಿ ಹಕ್ಕಿ ತನ್ನ ಮಾತನ್ನೇ ಹೇಳಿಗೊಂಡಿಕ್ಕು. ಇದು ಗಳಿಗೆಲಿ ಮೂರು ಜೆನರ ಮಾತಾಡುಗು.

ಈಗ ಅಬ್ಬೆಗೆ 78. "ಸೂರಕ್ಕಿಗೊ ಈ ವರ್ಷ ಬಯಿಂದೇ ಇಲ್ಲೆ, ತೋಟಕ್ಕೆ ಆರೋ ವಿಷದ ಮದ್ದು ಬಿಟ್ಟದಾಯ್ಕು" ಹೇಳಿ ಮೊನ್ನೆ ಬೇಜಾರು ಮಾಡಿತ್ತು. ಅಷ್ಟಪ್ಪಗಳೇ ಜಾಲಿನ ದಾಸನ ಗೆಡುವಿಲಿ ಎರಡು ಸೂರಕ್ಕಿಗೊ 'ಚಿವಿಟ್ ಚಿವಿಟ್' ಹೇಳಿಗೊಂಡು ಇತ್ತಿದ್ದವು. ಪ್ರಾಯ ಆದಪ್ಪಗ ಕೆಮಿ ಸುರುವಿಂಗೆ ಬಿಡುದು ಸಪೂರದ ಸ್ವರಂಗಳ. ದಪ್ಪ ಸ್ವರ ಮತ್ತೆಯೂ ಒಳಿತ್ತು. ಹಾಂಗಾಗಿ ಕೆಂಬೂತದ 'ಹೂಪ್ ಹೂಪ್' ಅಬ್ಬೆಗೆ ಈಗಳೂ ಗುಡ್ಡೆಂದ ಕೇಳ್ತು, ಜಾಲಿನ ಸೂರಕ್ಕಿ ಕೇಳ್ತಿಲ್ಲೆ. ಹಕ್ಕಿಯೇ ಇಲ್ಲೆ ಹೇಳಿ ಕಾಂಬದು ಹಾಂಗೆ.

ಆನು ಎಂತ ಹೇಳುದು ಹೇಳಿ ಆಲೋಚನೆ ಮಾಡುವಗ ಪುಳ್ಳಿ ಮೊಬೈಲಿನ ತಂದು ಜೆಗಿಲಿಲಿ ಮಡುಗಿತ್ತು. ಅಮೇರಿಕದ ಕಾರ್ನೆಲ್‌ನವು ಮಾಡಿದ ಮರ್ಲಿನ್ ಹೇಳ್ತ ಆಪ್ ಅದರಲ್ಲಿ ಇದ್ದು, ಸ್ವರ ಕೇಳಿ ಹಕ್ಕಿಯ ಹೆಸರು ತೋರ್ಸುತ್ತು. ಕುಟುರ, ಕೆಂಬೂತ ಬಂತು. ಮತ್ತೆ ಸೂರಕ್ಕಿ. ಪುಳ್ಳಿ ಓದಿ ಹೇಳಿಯಪ್ಪಗ ಅಬ್ಬೆ ಕನ್ನಡ್ಕ ಸರಿ ಮಾಡಿ ದಾಸನ ಕಡೆಂಗೆ ನೋಡಿತ್ತು. ಹಕ್ಕಿ ಕಂಡತ್ತು, ಕೊಕ್ಕು ಒಡವದೂ ಕಂಡತ್ತು. ರಜ್ಜ ಹೊತ್ತು ಒಂದೂ ಮಾತಾಡಿದ್ದಿಲ್ಲೆ.

"ಅಂಬಗ ಸಿಂಪಿಗವೂ ಇಲ್ಲಿಯೇ ಇಕ್ಕು," ಹೇಳಿತ್ತು ಮತ್ತೆ ಪುಳ್ಳಿಯ ಹತ್ತರೆ, "ರಜ್ಜ ನೋಡು ಮಗಾ."