ಇಪ್ಪತ್ತೆಂಟು ದಿನದ ತಿಂಗಳು

ಬೆಳಿಗ್ಗೆ ಚಹಾ ಇನ್ನೂ ಒಲೆಯ ಮೇಲಿತ್ತು, ನಮ್ಮ ಓಣಿಯ ಸಿಸ್ಟರ್ ಅಕ್ಕ ಫೋನ್ ಹಿಡಿದುಕೊಂಡು ಬಂದರು. ಮಾನ್ವಿ, ದೇವದುರ್ಗ ಕಡೆಯ ಆಸ್ಪತ್ರೆಗಳಲ್ಲಿ ನರ್ಸ್ ಆಗಿ ದುಡಿದು ನಿವೃತ್ತರಾದವರು. ಓಣಿಯ ಎಷ್ಟೋ ಮಕ್ಕಳಿಗೆ ಮೊದಲ ಸೂಜಿ ಚುಚ್ಚಿದ್ದು ಅವರ ಕೈ. ಈಗ ಚರ್ಚಿನ ತಂಡದ ಜೊತೆ ಕೆನ್ಯಾಕ್ಕೆ ಹೊರಟಿದ್ದಾರೆ. ಅಲ್ಲಿನ ಹಳ್ಳಿಗಳಲ್ಲಿ ಆರೋಗ್ಯ ಶಿಬಿರ, ಬಾಣಂತಿಯರ ಆರೈಕೆ, ಸಂಜೆ ಪ್ರಾರ್ಥನೆ. ಒಂದೂವರೆ ತಿಂಗಳ ಕೆಲಸ.

“ತಮ್ಮಾ, ನಾ ಅಲ್ಲಿರೂತನಕ ಈ ನಂಬರ್ ಚಾಲೂ ಇರ್ಬೇಕು ನೋಡಪ. ಬ್ಯಾಂಕಿನ ಓಟಿಪಿ ಇದಕ್ಕs ಬರ್ತದ. ಐದನೇ ತಾರೀಖಿಗೆ ಒಂದ್ ತಿಂಗಳಿಂದು ಹಾಕ್ಸೀನಿ. ಮುಂದಿನ ಐದರ ತನಕ ಇರ್ಬೇಕಲ್ಲ? ಎರಡಕ್ಕs ಮುಗೀತದ ಅಂತ ಮೆಸೇಜ್ ಬಂದದ. ಹಿಂಗ್ಯಾಕ?”

ಹಿಂಗ್ಯಾಕೆ ಅಂದರೆ, ಅವರು ಹಾಕಿಸಿದ್ದು ಒಂದು ತಿಂಗಳದ್ದಲ್ಲ, ಇಪ್ಪತ್ತೆಂಟು ದಿನದ್ದು. ನಮ್ಮ ರಾಯಚೂರಿನ ತೀನ್ ಕಂದಿಲ್ ಹತ್ತಿರದ ಅಂಗಡಿಯ ಹುಡುಗ “ಒಂದ್ ತಿಂಗಳಿಂದು” ಅಂದೇ ಕೊಟ್ಟಿದ್ದಾನೆ. ಅವನದೂ ತಪ್ಪಿಲ್ಲ. ಊರೆಲ್ಲ ಹಾಗೇ ಕರೆಯುತ್ತದೆ. ಆದರೆ ನನಗೆ ಬಂದ ಸಿಟ್ಟು ಚಹಾ ಕುಡಿದರೂ ಇಳಿಯಲಿಲ್ಲ. ದೂರದ ದೇಶಕ್ಕೆ ಸೇವೆಗೆಂದು ಹೊರಟ ಹಿರಿಯ ಹೆಣ್ಣುಮಗಳು ಪಾಸ್‌ಪೋರ್ಟು, ಔಷಧಿ, ಸ್ವೆಟರು, ಬೈಬಲ್ಲು ಹೊಂದಿಸಿಕೊಳ್ಳುವ ಹೊತ್ತಿನಲ್ಲಿ ಬೆರಳು ಮಡಚಿ ದಿನ ಎಣಿಸುತ್ತ ಕೂರಬೇಕೇ?

ಮೊಬೈಲಿನ ಉಪಕಾರವನ್ನು ನಾನು ಹೇಳಬೇಕಿಲ್ಲ. ನನ್ನ ತಕರಾರು ಆ ಇಪ್ಪತ್ತೆಂಟರ ಮೇಲೆ.

ಜಗತ್ತಿನ ಯಾವ ಪಂಚಾಂಗದಲ್ಲಿ ಎಲ್ಲ ತಿಂಗಳೂ ಇಪ್ಪತ್ತೆಂಟು ದಿನದ್ದಾಗಿವೆ? ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಚಂದ್ರ ತೆಗೆದುಕೊಳ್ಳುವುದು ಇಪ್ಪತ್ತೊಂಬತ್ತೂವರೆ ದಿನ. ನಮ್ಮ ಚಾಂದ್ರಮಾನದವರು ಆ ಲೆಕ್ಕ ಹಿಡಿದು, ಸೂರ್ಯನ ವರ್ಷಕ್ಕೆ ಹಿಂದೆ ಬೀಳುವ ದಿನಗಳನ್ನು ಅಧಿಕ ಮಾಸದಲ್ಲಿ ತುಂಬಿಕೊಟ್ಟರು. ನಮ್ಮೂರ ಮುಸಲ್ಮಾನ ಗೆಳೆಯರ ಹಿಜರಿ ತಿಂಗಳು ಚಂದ್ರ ಕಂಡಂತೆ ಇಪ್ಪತ್ತೊಂಬತ್ತಾಗುತ್ತದೆ, ಮೂವತ್ತಾಗುತ್ತದೆ. ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ. ಸಿಸ್ಟರ್ ಅಕ್ಕನ ಚರ್ಚಿನ ಕ್ಯಾಲೆಂಡರಿನಲ್ಲಿ ಫೆಬ್ರವರಿಯೊಂದೇ ಇಪ್ಪತ್ತೆಂಟು, ಅದಕ್ಕೂ ನಾಲ್ಕು ವರ್ಷಕ್ಕೊಮ್ಮೆ ಒಂದು ದಿನ ಹೆಚ್ಚು. ಆ ಕ್ಯಾಲೆಂಡರು ಸರಿಯಾಗಲೆಂದೇ 1582ರ ಅಕ್ಟೋಬರಿನಲ್ಲಿ ಪೋಪ್ ಹದಿಮೂರನೆಯ ಗ್ರೆಗರಿ ನಾಲ್ಕನೇ ತಾರೀಖಿನ ಮರುದಿನವನ್ನು ಹದಿನೈದನೇ ತಾರೀಖು ಎಂದು ಸಾರಿದರು. ಈಸ್ಟರ್ ಸರಿಯಾದ ಋತುವಿನಲ್ಲಿ ಬರಬೇಕು, ಅದಕ್ಕಾಗಿ ಹತ್ತು ದಿನ ಬಿಟ್ಟುಕೊಟ್ಟರು. ದಿನ ಕಳೆದದ್ದು ಅಲ್ಲಿಯೂ ಉಂಟು, ಆದರೆ ಹಾಡಹಗಲೇ, ಜಗತ್ತಿಗೆ ಹೇಳಿ, ಕಾರಣ ಕೊಟ್ಟು.

ಇಪ್ಪತ್ತೆಂಟನ್ನು ಹದಿಮೂರರಿಂದ ಗುಣಿಸಿ ನೋಡಿ. 364. ವರ್ಷ ತುಂಬಲು ಹನ್ನೆರಡು ಸಲ ಸಾಲದು, ಹದಿಮೂರು ಸಲ ರೀಚಾರ್ಜ್ ಮಾಡಿಸಬೇಕು. ಆಮೇಲೂ ಒಂದು ದಿನ ಉಳಿದೇ ಇರುತ್ತದೆ. ಐವತ್ತಾರು ದಿನದ ಪ್ಯಾಕ್, ಎಂಬತ್ನಾಲ್ಕು ದಿನದ ಪ್ಯಾಕ್ ಎಂದು ಇರುವವೂ ಅದೇ ಇಪ್ಪತ್ತೆಂಟರ ಎರಡರಷ್ಟು, ಮೂರರಷ್ಟು. ಸಿಸ್ಟರ್ ಅಕ್ಕನಿಗೆ ವರ್ಷಕ್ಕೆ ಪೆನ್ಷನ್ ಬರುವುದು ಹನ್ನೆರಡು ಸಲ. ಮನೆಯ ಮಾಲೀಕರು ಬಾಡಿಗೆ ಕೇಳುವುದು ಹನ್ನೆರಡು ಸಲ. ಕರೆಂಟ್ ಬಿಲ್ಲು ಹನ್ನೆರಡು ಸಲ. ಫೋನಿಗೆ ಮಾತ್ರ ಹದಿಮೂರು. ನಮ್ಮ ರಾಯಚೂರಿನ ಗಂಜಿನಲ್ಲಿ ತೊಂಬತ್ತಮೂರು ಕಿಲೋ ಹತ್ತಿ ತೂಗಿ ಇದೇ ಕ್ವಿಂಟಾಲ್ ಅಂದರೆ ಕೊಂಡವರು ಸುಮ್ಮನಿರುತ್ತಾರೆಯೇ? ತೂಕಕ್ಕೆ ಕಾನೂನಿದೆ, ಕಲ್ಲಿಗೆ ಮುದ್ರೆ ಇದೆ. ತಿಂಗಳಿಗೂ ಒಂದು ಮುದ್ರೆ ಬೇಡವೇ?

ಹೊಲದಲ್ಲಿ ಹತ್ತಿ ಬಿಡಿಸುವ ಹೆಣ್ಣುಮಕ್ಕಳನ್ನು ನೆನೆಸಿಕೊಳ್ಳಿ. ಮಗ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿರುತ್ತಾನೆ. ತಾಯಿಯ ಕೈಯಲ್ಲಿ ಗುಂಡಿ ಒತ್ತುವ ಫೋನು. ಆಕೆಗೆ ಡಾಟಾ ಬೇಡ, ಸಿನಿಮಾ ಬೇಡ. ಮಗನ ಕರೆ ಬಂದರೆ ಸಾಕು. ಅಷ್ಟಕ್ಕೇ ಇಪ್ಪತ್ತೆಂಟು ದಿನಕ್ಕೊಮ್ಮೆ ಸುಮಾರು ಇನ್ನೂರು ರೂಪಾಯಿ ತೆರಬೇಕು. ಒಂದು ಕಾಲದಲ್ಲಿ ಹೀಗಿರಲಿಲ್ಲ. 2003ರಿಂದ ಬರುವ ಕರೆ ಪುಕ್ಕಟೆಯಾಗಿತ್ತು. 2005ರ ಕೊನೆಗೆ 999 ರೂಪಾಯಿಯ ಲೈಫ್‌ಟೈಮ್ ಸಿಮ್ ಬಂತು. ನಮ್ಮ ಅಪ್ಪ ಕೂಡಿಟ್ಟ ರೊಕ್ಕದಲ್ಲಿ ಒಂದು ಕೊಂಡರು. ಜೀವನಪೂರ್ತಿ ಬರುವ ಕರೆಗೆ ಇನ್ನು ಚಿಂತೆಯಿಲ್ಲ ಎಂದು ಆ ನಂಬರನ್ನು ಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ಬರೆದಿದ್ದರು. 2018ರ ಕೊನೆಯಲ್ಲಿ ಕನಿಷ್ಠ ರೀಚಾರ್ಜ್ ಎಂಬುದು ಬಂದು ಆ ಭರವಸೆ ಮುಗಿಯಿತು. ಅಪ್ಪ ಇನ್ನೂ ಇದ್ದರು, ಲೈಫ್‌ಟೈಮ್ ಮುಗಿದಿತ್ತು.

ಸಿಸ್ಟರ್ ಅಕ್ಕ ಹೋದ ಸಲ ಕೆನ್ಯಾದಲ್ಲಿ ಕಂಡದ್ದನ್ನು ಹೇಳಿದರು. ಅಲ್ಲಿ ಇಳಿದ ಮೇಲೆ ಒಂದು ಸಿಮ್ ತೆಗೆದುಕೊಂಡರಂತೆ. ಹಾಕಿಸಿದ ರೊಕ್ಕ ಬಳಸಿ ಮುಗಿಯುವ ತನಕ ಇತ್ತು. ತಾರೀಖು ಬಂತೆಂದು ಮಾಯವಾಗಲಿಲ್ಲ. ಅದು ನಿಜ. ಅಲ್ಲಿನ ದೊಡ್ಡ ಕಂಪನಿ ಸಫಾರಿಕಾಮ್ 2019ರಲ್ಲಿ ಅವಧಿಯೇ ಇಲ್ಲದ ಡಾಟಾ ಮತ್ತು ಕರೆಯ ಪ್ಯಾಕುಗಳನ್ನು ತಂದಿತು. 2007ರಿಂದ ಅದೇ ಕಂಪನಿಯ ಎಂ-ಪೆಸಾದಲ್ಲಿ ಹಳ್ಳಿಯವರು ಬ್ಯಾಂಕಿಲ್ಲದೆಯೇ ಫೋನಿನಿಂದ ರೊಕ್ಕ ಕಳಿಸುತ್ತಿದ್ದಾರೆ. ಬಡದೇಶ ಎಂದು ನಾವು ಕರುಣೆಯಿಂದ ಔಷಧಿ ಹೊತ್ತು ಹೋಗುವ ನಾಡು ಫೋನಿನ ಲೆಕ್ಕದಲ್ಲಿ ನಮಗಿಂತ ಮುಂದಿದೆ. ಸೇವೆಗೆಂದು ಹೋದವರು ಕಲಿತು ಬರಬೇಕಾದದ್ದೂ ಇರುತ್ತದೆ.

ಧರ್ಮಕ್ಕಾಗಿ ಊರು ಬಿಟ್ಟು ದೂರ ನಡೆಯುವುದು ನಮ್ಮ ಸೀಮೆಗೆ ಹೊಸದಲ್ಲ. ತುಂಗಭದ್ರೆಯ ದಂಡೆಯ ಚೀಕಲಪರ್ವಿಯಿಂದ ಹೊರಟ ವಿಜಯದಾಸರು ಕಾಶಿಯ ತನಕ ಹೋದವರು. ಮುದಗಲ್‌ನಲ್ಲಿ ಆದಿಲ್‌ಶಾಹಿ ಕಾಲದಿಂದ ಕ್ರೈಸ್ತರ ಬಾಳಿದೆ. ಹೊರಗಿನಿಂದ ಬಂದವರೂ ಇಲ್ಲಿ ಬೇರೂರಿದರು, ಇಲ್ಲಿಂದ ಹೋದವರೂ ಬೇರೆಡೆ ದುಡಿದರು. ಕೆನ್ಯಾದ ಹೆಸರು ಕೇಳಿದಾಗಲೆಲ್ಲ ನನಗೆ ಸ್ವಿಟ್ಜರ್ಲೆಂಡಿನ ಬಾಸೆಲ್ ನೆನಪಾಗುತ್ತದೆ. ನಮ್ಮ ಕನ್ನಡಕ್ಕೂ ಆ ಊರಿಗೂ ಇರುವ ನಂಟು ಎಲ್ಲರಿಗೂ ಗೊತ್ತು. 1834ರಲ್ಲಿ ಮಂಗಳೂರಿಗೆ ಬಾಸೆಲ್ ಮಿಷನ್ನಿನವರು ಬಂದರು. ಹೆರ್ಮನ್ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ತೆಗೆದರು. ಮರುವರ್ಷ ಅದೇ ಪತ್ರಿಕೆ ‘ಕನ್ನಡ ಸಮಾಚಾರ’ ಆಗಿ ನಮ್ಮ ಪಕ್ಕದ ಬಳ್ಳಾರಿಯಲ್ಲಿ ಅಚ್ಚಾಯಿತು. ಆದರೆ ಅದೇ ಬಾಸೆಲಿನ ಪಾಠಶಾಲೆಯಲ್ಲಿ ಓದಿದ ಇನ್ನೊಬ್ಬ ಜರ್ಮನ್ ಪಾದ್ರಿ ಯೋಹಾನ್ ಲುಡ್ವಿಗ್ ಕ್ರಾಫ್ 1844ರಲ್ಲಿ ಕೆನ್ಯಾದ ಮೊಂಬಾಸಾದಲ್ಲಿ ಇಳಿದದ್ದು ಇಲ್ಲಿ ಬಹಳ ಮಂದಿಗೆ ಗೊತ್ತಿರಲಿಕ್ಕಿಲ್ಲ. ಬಳ್ಳಾರಿಯಲ್ಲಿ ಕನ್ನಡದ ಮೊಳೆ ಜೋಡಿಸುತ್ತಿದ್ದ ವರ್ಷವೇ ಅವರು ಅಲ್ಲಿ ಸ್ವಾಹಿಲಿ ಕಲಿಯುತ್ತಿದ್ದರು.

ಕ್ರಾಫ್ ಅವರ ಕಥೆ ಓದಿದವರು ಅದನ್ನು ಮರೆಯಲಾರರು. ಮೊಂಬಾಸಾ ತಲುಪಿದ ಕೆಲವೇ ತಿಂಗಳಲ್ಲಿ ಅವರ ಹೆಂಡತಿ ರೋಸೀನಾ ಹೆರಿಗೆಯ ಹಿಂದೆಯೇ ಜ್ವರದಿಂದ ತೀರಿಕೊಂಡರು. ಹಸುಗೂಸು ಹೆಣ್ಣುಮಗುವೂ ಉಳಿಯಲಿಲ್ಲ. ಸುಯೆಜ್ ಕಾಲುವೆ ತೆರೆದದ್ದು 1869ರಲ್ಲಿ, ಅಂದರೆ ಆಗ ಅದೂ ಇರಲಿಲ್ಲ. ತಂತಿಯಿಲ್ಲ. ರೋಸೀನಾ ಸತ್ತ ಸುದ್ದಿ ತವರುಮನೆಗೆ ಮುಟ್ಟಬೇಕಾದರೆ ಹಡಗಿನ ದಾರಿ ಕಾಯಬೇಕು. ಆದರೂ ಅವರು ನಿಂತು ಕೆಲಸ ಮಾಡಿದರು. ಅವರ ಸ್ವಾಹಿಲಿ ನಿಘಂಟು 1882ರಲ್ಲಿ, ಅವರು ತೀರಿಕೊಂಡ ಮರುವರ್ಷ ಹೊರಬಂತು. ಹನ್ನೆರಡು ವರ್ಷದ ಮೇಲೆ, 1894ರಲ್ಲಿ, ಅದೇ ಬಾಸೆಲ್ಲಿನಿಂದ ಬಂದ ಫರ್ಡಿನೆಂಡ್ ಕಿಟ್ಟೆಲ್ ಅವರ ಕನ್ನಡ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. ಸ್ವಾಹಿಲಿಗೂ ಕನ್ನಡಕ್ಕೂ ನಿಘಂಟು ಕಟ್ಟಿದವರು ಒಂದೇ ಪಾಠಶಾಲೆಯ ಅಣ್ಣತಮ್ಮಂದಿರು. ನಾನು ಇದನ್ನು ಹೇಳಿದಾಗ ಸಿಸ್ಟರ್ ಅಕ್ಕ ಕುರ್ಚಿಯಲ್ಲಿ ನೆಟ್ಟಗೆ ಕೂತರು. “ಹಂಗಾದ್ರ ನಾ ಹೋಗೂದು ಬಳಗದವರ ಊರಿಗೇ ಬಿಡಪ” ಅಂದರು. ಬೀಳ್ಕೊಡುವ ಸಭೆಯಲ್ಲಿ ಯಾರೇ ಆಡುವ ಮಾತಿಗಿಂತಲೂ ಆ ಮಾತು ದೊಡ್ಡದು.

ಆ ಕಾಲದವರಿಗೆ ಪತ್ರ ನಿಧಾನವಾಗಿ ಬರುತ್ತಿತ್ತು, ನಿಜ. ಆದರೆ ಬರುತ್ತಿದ್ದ ಪತ್ರವನ್ನು ನಡುದಾರಿಯಲ್ಲಿ ಯಾರೂ ತಡೆದು, ನಿಮ್ಮ ಅವಧಿ ಮುಗಿಯಿತು ಎನ್ನುತ್ತಿರಲಿಲ್ಲ. ಅಂಚೆಚೀಟಿ ಬಂದ ಮೇಲಂತೂ ರೊಕ್ಕ ಕೊಡುವವನು ಕಳಿಸುವವನು, ಮುಟ್ಟಿಸುವ ಹೊಣೆ ಅಂಚೆಯದು, ಪಡೆಯುವವನು ಸುಮ್ಮನೆ ಇದ್ದರೆ ಸಾಕು. 1871ರಲ್ಲಿ ಮುಂಬಯಿ ಕಡೆಯ ರೈಲುದಾರಿಯೂ ಮದ್ರಾಸ್ ಕಡೆಯ ರೈಲುದಾರಿಯೂ ಬಂದು ಕೂಡಿದ್ದು ನಮ್ಮ ರಾಯಚೂರಿನಲ್ಲಿ. ನಾನು ಚಿಕ್ಕವನಿದ್ದಾಗ ಟೇಶನ್ನಿನಲ್ಲಿ ಅಂಚೆಯ ಚೀಲ ಇಳಿಸುವುದನ್ನು ನೋಡುತ್ತ ನಿಲ್ಲುತ್ತಿದ್ದೆ. ದೇವದುರ್ಗದ ಅಜ್ಜಿ ಓದು ಬಾರದವಳು. ಆದರೂ ಇನ್‌ಲ್ಯಾಂಡ್ ಲೆಟರ್ ಬಂದರೆ ಅದನ್ನು ಮೊದಲು ತಾನೇ ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, ಆಮೇಲೆ ಓದಿಸಿಕೊಳ್ಳುತ್ತಿದ್ದಳು. ಪತ್ರ ಪಡೆಯಲು ಆಕೆ ಒಂದು ಪೈಸೆಯನ್ನೂ ಕೊಡಲಿಲ್ಲ.

ಇನ್ನೂ ಹಿಂದೆ ಹೋದರೆ ನಮ್ಮ ಜಿಲ್ಲೆಯದೇ ಮಸ್ಕಿ ಇದೆ. ಅಲ್ಲಿನ ಬಂಡೆಯ ಮೇಲೆ ಅಶೋಕ ಬರೆಸಿದ ಶಾಸನ 1915ರಲ್ಲಿ ಬೆಳಕಿಗೆ ಬಂತು. ದೇವಾನಾಂಪ್ರಿಯ ಎಂಬ ಬಿರುದಿನ ಜೊತೆಗೆ ಅಶೋಕನ ಹೆಸರನ್ನೇ ತೋರಿಸಿಕೊಟ್ಟದ್ದು ಅದು. ಧರ್ಮದ ಮಾತನ್ನು ದೂರದೂರದ ನಾಡುಗಳಿಗೆ ಮುಟ್ಟಿಸಲು ದೂತರನ್ನು ಕಳಿಸಿದ ಅರಸ, ಪಾಟಲೀಪುತ್ರದಿಂದ ಇಷ್ಟು ದೂರದ ನಮ್ಮ ಕಲ್ಲಿನ ಮೇಲೂ ಅದನ್ನು ಕೊರೆಸಿದ. ಎರಡು ಸಾವಿರದ ಇನ್ನೂರು ವರ್ಷ ದಾಟಿದೆ. ಈಗಲೂ ಹೋಗಿ ನಿಂತವರಿಗೆಲ್ಲ ಅದು ಸಿಗುತ್ತದೆ. ಮಾತು ಮುಖ್ಯ ಎಂದು ತಿಳಿದವರು ಅದನ್ನು ಹೀಗೆ ಕಾಯುತ್ತಾರೆ. ಮಾತಿನ ಮೇಲೆ ಬದುಕುವ ಕಂಪನಿಗಳು ಅದನ್ನು ಇಪ್ಪತ್ತೆಂಟು ದಿನಕ್ಕೆ ಕತ್ತರಿಸಿ ಮಾರಬಾರದು.

ಸರಕಾರಕ್ಕೆ ಈ ಇಪ್ಪತ್ತೆಂಟರ ಲೆಕ್ಕ ಗೊತ್ತಾಗಿಲ್ಲ ಎಂದಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2022ರ ಜನವರಿಯಲ್ಲಿ ಒಂದು ಆದೇಶ ಹೊರಡಿಸಿತು. ಪ್ರತಿ ಕಂಪನಿಯೂ ಮೂವತ್ತು ದಿನದ ಪ್ಯಾಕ್ ಇಡಬೇಕು, ಮತ್ತು ಪ್ರತಿ ತಿಂಗಳು ಅದೇ ತಾರೀಖಿಗೆ ಮತ್ತೆ ಹಾಕಿಸಬಹುದಾದ ಪ್ಯಾಕನ್ನೂ ಇಡಬೇಕು ಎಂದು. 2024ರ ಡಿಸೆಂಬರಿನಲ್ಲಿ ಇನ್ನೊಂದು ಬಂತು: ಡಾಟಾ ಬೇಡದವರಿಗೆ ಕರೆ ಮತ್ತು ಎಸ್ಸೆಮ್ಮೆಸ್ಸಿನದಷ್ಟೇ ಪ್ಯಾಕ್ ಕೊಡಬೇಕು, ಅಂಥ ವೋಚರಿನ ಅವಧಿ ಮೊದಲಿನ 90 ದಿನದ ಬದಲು 365 ದಿನದ ತನಕ ಇರಬಹುದು. ಮರು ತಿಂಗಳಲ್ಲೇ ಕಂಪನಿಗಳು ವರ್ಷದ ಪ್ಯಾಕ್ ತಂದವು. ಆದರೆ ಅಂಗಡಿಯ ಗಾಜಿನ ಮೇಲೆ ಅಂಟಿಸಿದ ಹಾಳೆಯಲ್ಲಿ ನಾನು ಅದನ್ನು ಕಂಡಿಲ್ಲ. ಕೇಳಿದವರಿಗೆ ಮಾತ್ರ ಸಿಗುವ ಹಕ್ಕು ಕೇಳಲು ತಿಳಿಯದವರಿಗೆ ಇಲ್ಲದ್ದಕ್ಕೆ ಸಮ. ಹತ್ತಿ ಬಿಡಿಸುವ ಆ ತಾಯಿಗೆ ಟ್ರಾಯ್ ಹೆಸರು ಯಾರು ಹೇಳಬೇಕು?

ಸಿಸ್ಟರ್ ಅಕ್ಕನ ಫೋನಿಗೆ ಇವತ್ತೇ ಕರೆ-ಎಸ್ಸೆಮ್ಮೆಸ್ಸಿನ ವರ್ಷದ ಪ್ಯಾಕ್ ಹಾಕಿಸಿದೆವು. ಅಷ್ಟಕ್ಕೇ ಮುಗಿಯುವುದಿಲ್ಲ. ಅಂತಾರಾಷ್ಟ್ರೀಯ ರೋಮಿಂಗ್ ಚಾಲೂ ಇರದಿದ್ದರೆ ಊರಿನ ಸಿಮ್ಮು ನೈರೋಬಿಯಲ್ಲಿ ಉಸಿರಾಡುವುದಿಲ್ಲ, ಓಟಿಪಿಯೂ ಬರುವುದಿಲ್ಲ. ಅದನ್ನು ಹೊರಡುವ ಮುಂಚೆಯೇ ಕಂಪನಿಗೆ ಕೇಳಿ ಚಾಲೂ ಮಾಡಿಸಿಕೊಳ್ಳಬೇಕು. ಡಾಟಾ ರೋಮಿಂಗ್ ಮಾತ್ರ ಬಂದ್ ಇರಲಿ. ಇಲ್ಲವಾದರೆ ಫೋನು ತಾನಾಗಿಯೇ ತೆರೆದುಕೊಂಡು ರೊಕ್ಕ ತಿನ್ನುತ್ತದೆ. ಮಾತಾಡಲಿಕ್ಕೆ ಅಲ್ಲಿನ ಸಿಮ್ಮು ಅಥವಾ ಶಿಬಿರದ ವೈಫೈ ಸಾಕು, ವಾಟ್ಸಾಪ್ ಹಳೆಯ ನಂಬರಿನಲ್ಲೇ ನಡೆಯುತ್ತದೆ. ಕೆನ್ಯಾ ನಮಗಿಂತ ಎರಡೂವರೆ ತಾಸು ಹಿಂದೆ. ಅಲ್ಲಿ ಅವರ ಸಂಜೆಯ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಇಲ್ಲಿ ಊಟ ಮುಗಿದಿರುತ್ತದೆ. ಮೊಮ್ಮಕ್ಕಳು ಮಲಗುವ ಮುಂಚೆ ಒಂದು ಮಾತು ಆಡಬಹುದು.

ನಿಮ್ಮ ಮನೆಯಿಂದಲೂ ಯಾರಾದರೂ ಹೊರಟಿದ್ದರೆ, ಯೆರೂಸಲೇಮಿಗಿರಲಿ, ಹಜ್‌ಗಿರಲಿ, ಕಾಶಿಗಿರಲಿ, ದುಬೈನ ದುಡಿಮೆಗಿರಲಿ, ಅವರ ಫೋನನ್ನು ಮೊದಲೇ ಸರಿಮಾಡಿ ಕೊಡಿ. ಹೋಗುವವರ ಮನಸ್ಸು ಹೋಗುವ ಕೆಲಸದ ಮೇಲಿರಲಿ. ಅಂಗಡಿಯಲ್ಲಿ “ಒಂದ್ ತಿಂಗಳಿಂದು” ಅಂದಾಗ ಎಷ್ಟು ದಿನ ಎಂದು ಗಟ್ಟಿಯಾಗಿ ಕೇಳಿ. ಅದೇ ತಾರೀಖಿನ ಪ್ಯಾಕ್ ಬೇಕು ಎನ್ನಿ. ಇಲ್ಲ ಎಂದರೆ ಇದೆ ಎನ್ನಿ, ಅದು ಕಾನೂನು. ನಿಮಗೆ ಓದು ಬಂದರೆ ಓದು ಬಾರದ ಪಕ್ಕದ ಮನೆಯವರಿಗೂ ನೀವೇ ಕೇಳಿ ಕೊಡಿಸಿ. ವರ್ಷಕ್ಕೆ ಇರುವುದು ಹನ್ನೆರಡೇ ತಿಂಗಳು. ಹದಿಮೂರನೆಯದಕ್ಕೆ ರೊಕ್ಕ ಕೊಡಬೇಡಿ.