ಲುಕ್ರೇಷಿಯಾಳ ಎದುರು ಅವ್ವ

ಅವ್ವ ಧಾರವಾಡದಿಂದ ಬಂದು ನಮ್ಮ ಜೊತೆ ಇದ್ದ ಚಳಿಗಾಲ ಅದು. ಮಿನಿಯಾಪೊಲಿಸ್‌ನ ಹಿಮದಲ್ಲಿ ಹೊರಗೆ ಕಾಲಿಡುವಂತಿಲ್ಲ, ಮನೆಯಲ್ಲಿ ಕೂತು ಕೂತು ಆಕೆಗೆ ಬೇಸರ ಬಂದಿತ್ತು. ಊರಿನ ಕಲಾ ಸಂಗ್ರಹಾಲಯಕ್ಕೆ ಕರೆದುಕೊಂಡು ಹೋದೆ. ರೆಂಬ್ರಾಂಟ್ 1666ರಲ್ಲಿ ಬರೆದ ‘ಲುಕ್ರೇಷಿಯಾ’ ಇರುವುದು ಅಲ್ಲೇ.

ಉಳಿದ ಚಿತ್ರಗಳನ್ನು ನಡೆಯುತ್ತಲೇ ನೋಡಿದ ಅವ್ವ ಇದರೆದುರು ನಿಂತುಬಿಟ್ಟಳು. ಒಂದು ಕೈಯಲ್ಲಿ ಕಠಾರಿ, ಇನ್ನೊಂದು ಕೈ ಹಗ್ಗವೊಂದನ್ನು ಬಿಗಿಯಾಗಿ ಹಿಡಿದಿದೆ. ಬಿಳಿ ಒಳಂಗಿಯ ಮೇಲೆ ರಕ್ತ ಇಳಿದಿದೆ. ಕಣ್ಣು ತುಂಬಿ ಬಂದಿವೆ.

“ಯಾರ ಈಕಿ? ಏನಾತು ಈಕಿಗೆ?”

ಹೇಳಿದೆ. ರೋಮ್‌ನ ದೊರೆಯ ಮಗ ಈಕೆಯ ಮೇಲೆ ಅತ್ಯಾಚಾರ ಮಾಡಿದ. ಈಕೆ ತಂದೆಯನ್ನೂ ಗಂಡನನ್ನೂ ಕರೆಸಿ, ನಡೆದದ್ದನ್ನೆಲ್ಲ ಹೇಳಿ, ಅವರ ಕಣ್ಣೆದುರೇ ಇರಿದುಕೊಂಡಳು. ಜನ ದಂಗೆಯೆದ್ದು ಅರಸೊತ್ತಿಗೆಯನ್ನೇ ಕಿತ್ತೊಗೆದರು, ರೋಮ್ ಗಣರಾಜ್ಯವಾಯಿತು ಎನ್ನುವುದು ಐತಿಹ್ಯ.

ಅವ್ವನಿಗೆ ಗಣರಾಜ್ಯ ಬೇಕಿರಲಿಲ್ಲ. “ಆಕಿ ಯಾಕ ಸಾಯಬೇಕಿತ್ತು? ಸಾಯಬೇಕಾದಾಂವ ಅಂವ ಅಲ್ಲೇನು?” ಅಂದಳು, ಪಕ್ಕದವರು ತಿರುಗಿ ನೋಡುವಷ್ಟು ಜೋರಾಗಿ.

ಆಮೇಲೆ ನಾನೂ ಚಿತ್ರವನ್ನು ನಿಧಾನವಾಗಿ ನೋಡಿದೆ. ಎಷ್ಟೋ ಕಲಾವಿದರು ಲುಕ್ರೇಷಿಯಾಳ ನೆಪದಲ್ಲಿ ಬೆತ್ತಲೆ ಮೈ ಬರೆದರು. ರೆಂಬ್ರಾಂಟ್ ಅವಳಿಗೆ ಮೈತುಂಬ ಬಟ್ಟೆ ತೊಡಿಸಿದ್ದಾನೆ. ತಂದೆ, ಗಂಡ ಯಾರೂ ಚಿತ್ರದಲ್ಲಿಲ್ಲ. ದೂರದಿಂದ ತೋಳಿನ ಮೇಲೆ ಹೊಳೆಯುವ ಜರಿ ಹತ್ತಿರ ಹೋದರೆ ಬರೀ ಬಣ್ಣ: ದಪ್ಪಗೆ ಮೆತ್ತಿ, ಚಾಕುವಿನಿಂದ ಎಳೆದು, ಒರಟಾಗಿಯೇ ಬಿಟ್ಟದ್ದು. ಅಷ್ಟು ಒರಟಿನ ನಡುವೆ ಆ ಮುಖ ಮಾತ್ರ ಮೃದು.

ಇದನ್ನು ಬರೆದಾಗ ರೆಂಬ್ರಾಂಟ್‌ಗೆ 60 ವರ್ಷ. 1656ರಲ್ಲಿ ದಿವಾಳಿಯಾಗಿ ಮನೆ ಕಳೆದುಕೊಂಡವನು. 1663ರಲ್ಲಿ ಸಂಗಾತಿ ಹೆಂಡ್ರಿಕ್ಯೆಯೂ ತೀರಿಕೊಂಡಿದ್ದಳು. 1664ರಲ್ಲಿ ಇದೇ ಲುಕ್ರೇಷಿಯಾಳನ್ನು, ಕಠಾರಿ ಇನ್ನೂ ಮೈಗೆ ತಾಕದ ಗಳಿಗೆಯಲ್ಲಿ ಬರೆದಿದ್ದ. ಆ ಚಿತ್ರ ವಾಷಿಂಗ್ಟನ್‌ನಲ್ಲಿದೆ. ಅಷ್ಟಕ್ಕೆ ಅವನಿಗೆ ಸಮಾಧಾನವಾಗಲಿಲ್ಲ ಅನ್ನಿಸುತ್ತದೆ. ಎರಡು ವರ್ಷ ಬಿಟ್ಟು, ಇರಿದುಕೊಂಡ ಮೇಲೂ ಉಸಿರಾಡುತ್ತಿರುವ ಹೆಂಗಸನ್ನು ಬರೆದ.

ಅವಳ ಸಾವಿನಿಂದ ರೋಮ್‌ಗೆ ಏನು ದಕ್ಕಿತು ಎಂದು ಚರಿತ್ರೆಕಾರರು ಬರೆದಿಟ್ಟರು. ಅವಳಿಗೆ ಎಷ್ಟು ನೋವಾಯಿತು ಎಂದು ತೋರಿಸಿದವನು ಈ ಮುದಿ ಕಲಾವಿದ. ಅದಕ್ಕೇ ಅವನ ಹೆಸರೂ ಕೇಳಿರದ ನಮ್ಮ ಅವ್ವನಿಗೆ ಅವಳ ಪರವಾಗಿ ಸಿಟ್ಟು ಬಂತು. ಆ ಚಿತ್ರಕ್ಕೆ ಸಲ್ಲಬೇಕಾದ ಮರ್ಯಾದೆ ಆ ಸಿಟ್ಟೇ ಎಂದು ನಾನು ನಂಬಿದ್ದೇನೆ.