ಗಣಕಯಂತ್ರವೂ ಮೆಮೊರಿ ಕಾರ್ಡೂ: ಒಂದು ಅನುಭವ

ಕಾಯಕಕ್ಕೆ ಸಾಧನ ಬೇಕು. ನೇಕಾರನಿಗೆ ಮಗ್ಗ, ಕಮ್ಮಾರನಿಗೆ ತಿದಿ, ಓದುವ ಮಕ್ಕಳಿಗೆ ಪಾಟಿ-ಪುಸ್ತಕ. ಶರಣರು ಕಾಯಕದಲ್ಲಿ ಮೇಲು-ಕೀಳೆಣಿಸಲಿಲ್ಲ. ಕಾಯಕದ ಸಾಧನವನ್ನೂ ಕೀಳಾಗಿ ಕಾಣಲಿಲ್ಲ. ಇಂದಿನ ದಿನಮಾನದಲ್ಲಿ ಗಣಕಯಂತ್ರವೂ ಆ ಸಾಲಿಗೆ ಸೇರಿದೆ. ವಿದ್ಯಾರ್ಥಿವೇತನದ ಅರ್ಜಿಯಿಂದ ಮೊದಲ್ಗೊಂಡು ರೈತನ ಪಹಣಿಯವರೆಗೆ ಎಲ್ಲವೂ ಅದರ ಮೂಲಕವೇ ಆಗಬೇಕಾಗಿದೆ. ಶರಣತತ್ತ್ವದ ಮಾಸಿಕದಲ್ಲಿ ಯಂತ್ರದ ಮಾತೇಕೆ ಎಂದು ಕೆಲವು ಹಿರಿಯರಿಗೆ ಅನ್ನಿಸಬಹುದು. ಕೆಟ್ಟಿತೆಂದು ಮೂಲೆಗೆ ತಳ್ಳಿದ ಸಾಧನವನ್ನು ಮರಳಿ ಮಕ್ಕಳ ಕೈಗೆ ಒದಗಿಸುವುದೂ ದಾಸೋಹದ ಒಂದು ಬಗೆಯೇ ಸರಿ. ಆ ಭಾವನೆಯಿಂದಲೇ ಈ ನಾಲ್ಕು ಮಾತುಗಳನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇನೆ.

ಬಾಲ್ಯದಲ್ಲಿ ಮಠದ ಪ್ರಸಾದವುಂಡು, ಅಲ್ಲಿಯ ಪಾಠಶಾಲೆಯಲ್ಲಿ ಓದಿ ಬೆಳೆದವನು ನಾನು. ಈಗ ಅದೇ ಮಠದ ಪ್ರಸಾದ ನಿಲಯದ ಮಕ್ಕಳಿಗೆ ವಚನಪಾಠ ಹೇಳುತ್ತ, ಭಂಡಾರದಲ್ಲಿರುವ ಓಲೆಗರಿಯ ಕಟ್ಟುಗಳನ್ನು ಬಿಚ್ಚಿ ಓದಿ ಪ್ರತಿಮಾಡಿಸುವ ಕೆಲಸದಲ್ಲಿ ತೊಡಗಿದ್ದೇನೆ. ನಾನು ಓದುತ್ತೇನೆ, ಹಿರಿಯ ವಿದ್ಯಾರ್ಥಿಗಳಿಬ್ಬರು ಗಣಕಯಂತ್ರದಲ್ಲಿ ಅಕ್ಷರ ಜೋಡಿಸುತ್ತಾರೆ. ನಿಲಯದಲ್ಲಿ ಐದು ಹಳೆಯ ಗಣಕಯಂತ್ರಗಳಿದ್ದವು. ಇಲ್ಲಿಯೇ ಓದಿ ಬೆಂಗಳೂರು ಸೇರಿದ ಹಳೆಯ ವಿದ್ಯಾರ್ಥಿಗಳು ಭಕ್ತಿಯಿಂದ ತಂದುಕೊಟ್ಟವು. ಧೂಳು, ವಿದ್ಯುತ್ತಿನ ಏರಿಳಿತಗಳಿಂದಾಗಿ ಅವುಗಳ ಹಾರ್ಡ್ ಡಿಸ್ಕುಗಳು ಒಂದೊಂದಾಗಿ ಸೋತವು. ಗುಂಡಿ ಒತ್ತಿದರೆ ಪರದೆಯ ಮೇಲೆ ಅಕ್ಷರ ಮೂಡುವಷ್ಟರಲ್ಲಿ ಮಕ್ಕಳ ಪಾಳಿಯ ಅರ್ಧ ಹೊತ್ತು ಕಳೆದುಹೋಗುತ್ತಿತ್ತು. ಇಷ್ಟು ಸಾಲದೆಂಬಂತೆ, ಅವುಗಳಲ್ಲಿದ್ದ ವಿಂಡೋಸ್ 10 ಎಂಬ ವ್ಯವಸ್ಥೆಗೆ ದೊರೆಯುತ್ತಿದ್ದ ರಕ್ಷಣಾ ತಿದ್ದುಪಡಿಗಳ ನಿಯತ ಸರಬರಾಜು 2025ರ ಅಕ್ಟೋಬರ್ 14ರಂದು ಮುಗಿಯಿತು. ಅದರ ಮುಂದಿನ ವಿಂಡೋಸ್ 11 ಈ ಹಳೆಯ ಯಂತ್ರಗಳನ್ನು ಒಪ್ಪುವುದಿಲ್ಲ. ಗುಜರಿಗೆ ಹಾಕಿಬಿಡೋಣವೆಂದು ಆಡಳಿತ ಮಂಡಳಿಯ ಸಭೆಯಲ್ಲಿ ಮಾತು ಬಂದಿತು. ಹೊಸದಕ್ಕೆ ಹಣವಿರಲಿಲ್ಲ. ಗುಜರಿಗೆ ಹೋದರೆ ನಿಲಯದ ಮಕ್ಕಳು ಪ್ರತಿಯೊಂದು ಅರ್ಜಿಗೂ ಪೇಟೆಯ ಅಂಗಡಿಯ ಮುಂದೆ ಹಣ ತೆತ್ತು ಸಾಲುಗಟ್ಟಬೇಕು, ಓಲೆಗರಿಯ ಕೆಲಸ ಅರ್ಧಕ್ಕೇ ನಿಲ್ಲಬೇಕು. ಆಗ ಯಂತ್ರ ಕೊಟ್ಟವರಲ್ಲಿಯೇ ಒಬ್ಬ ಶಿಷ್ಯ ರಜೆಗೆ ಬಂದವನು, “ಗುರುಗಳೇ, ಹಾರ್ಡ್ ಡಿಸ್ಕ್ ಸತ್ತರೆ ಯಂತ್ರ ಸತ್ತಂತಲ್ಲ. ಮೆಮೊರಿ ಕಾರ್ಡಿನಿಂದಲೇ ಇವನ್ನು ಎಬ್ಬಿಸೋಣ” ಎಂದನು.

ಈ ಎಬ್ಬಿಸುವಿಕೆಗೆ ತಂತ್ರಜ್ಞರು ‘ಬೂಟ್’ ಎನ್ನುತ್ತಾರೆ. ವಿದ್ಯುತ್ ಹರಿದೊಡನೆ ಗಣಕಯಂತ್ರಕ್ಕೆ ತಾನು ಏನು ಮಾಡಬೇಕೆಂಬುದು ಪೂರ್ಣವಾಗಿ ತಿಳಿದಿರುವುದಿಲ್ಲ. ತಾಯಿಹಲಗೆಯ ಮೇಲಿನ ಸಣ್ಣದೊಂದು ಚಿಪ್ಪಿನಲ್ಲಿರುವ ಸೂಚನೆಯಂತೆ ಅದು ತನ್ನ ಸಂಗ್ರಹವನ್ನು ಹುಡುಕಿ, ಅಲ್ಲಿರುವ ಕಾರ್ಯವ್ಯವಸ್ಥೆಯನ್ನು ತುಣುಕು ತುಣುಕಾಗಿ ಓದಿಕೊಂಡು ಎಚ್ಚರಗೊಳ್ಳುತ್ತದೆ. ಆ ತುಣುಕುಗಳು ಸಾವಿರಾರು. ಎಲ್ಲವೂ ಚಿಕ್ಕವು, ಅಲ್ಲಲ್ಲಿ ಚದುರಿದವು. ಹಾರ್ಡ್ ಡಿಸ್ಕಿನೊಳಗೆ ತಿರುಗುವ ತಟ್ಟೆಯಿದೆ, ಅದರ ಮೇಲೆ ಆಡುವ ತೋಳಿದೆ. ಸಾಮಾನ್ಯವಾದ ಡಿಸ್ಕು ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ. ತೋಳು ಸರಿಯಾದ ಜಾಡಿಗೆ ಸರಿದು, ಬೇಕಾದ ಭಾಗ ತನ್ನ ಕೆಳಗೆ ಬರುವವರೆಗೆ ಕಾಯಬೇಕು. ಹೀಗಾಗಿ ಚದುರಿದ ತುಣುಕುಗಳನ್ನು ಸೆಕೆಂಡಿಗೆ ಸುಮಾರು 80ರಿಂದ 100ರಷ್ಟು ಮಾತ್ರ ಅದು ಓದಬಲ್ಲದು.

ಮೆಮೊರಿ ಕಾರ್ಡಿನಲ್ಲಿ ತಿರುಗುವುದು, ಸರಿಯುವುದು ಯಾವುದೂ ಇಲ್ಲ. ಅದರೊಳಗಿರುವುದು ‘ಫ್ಲ್ಯಾಶ್’ ಎಂಬ ಬಗೆಯ ಸ್ಮೃತಿಕೋಶ. ಜಪಾನಿನ ತೋಷಿಬಾ ಸಂಸ್ಥೆಯಲ್ಲಿದ್ದ ಫುಜಿಯೊ ಮಸುವೊಕಾ ಎಂಬ ವಿಜ್ಞಾನಿ 1980ರ ದಶಕದಲ್ಲಿ ಇದನ್ನು ರೂಪಿಸಿದರು. ಪ್ರತಿಯೊಂದು ಕೋಶವೂ ಕಿಂಚಿತ್ ವಿದ್ಯುದಂಶವನ್ನು ಸೆರೆಹಿಡಿದು, ವಿದ್ಯುತ್ ಹೋದ ಮೇಲೂ ಅದನ್ನು ಉಳಿಸಿಕೊಳ್ಳುತ್ತದೆ. ಇಂದು ಎಲ್ಲರೂ ಬಲ್ಲ ಎಸ್‌ಡಿ ಕಾರ್ಡನ್ನು 1999ರಲ್ಲಿ ಸ್ಯಾನ್‌ಡಿಸ್ಕ್, ಪ್ಯಾನಾಸೋನಿಕ್, ತೋಷಿಬಾ ಸಂಸ್ಥೆಗಳು ಕೂಡಿ ಹೊರತಂದವು. ಮೊಬೈಲಿನಲ್ಲಿ ಹಾಕುವ ಅದರ ಕಿರಿಯ ರೂಪವಾದ ಮೈಕ್ರೊ ಎಸ್‌ಡಿ 15 ಮಿಲಿಮೀಟರ್ ಉದ್ದ, 11 ಮಿಲಿಮೀಟರ್ ಅಗಲ, 1 ಮಿಲಿಮೀಟರ್ ದಪ್ಪ. ಹೆಬ್ಬೆರಳಿನ ಉಗುರಿನಷ್ಟು ಬಿಲ್ಲೆಯಲ್ಲಿ ಗಣಕಯಂತ್ರದ ಸಮಸ್ತ ವ್ಯವಸ್ಥೆಯೂ ಹಿಡಿಸುತ್ತದೆಂಬುದನ್ನು ಮೊದಲು ಕಂಡಾಗ ನನಗಂತೂ ಬೆರಗಾಯಿತು.

ಆದರೆ ಎಲ್ಲ ಕಾರ್ಡುಗಳೂ ಈ ಕೆಲಸಕ್ಕೆ ಸಮನಾಗಿ ಒದಗುವುದಿಲ್ಲ. ಕಾರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಸೆಕೆಂಡಿಗೆ 100 ಮೆಗಾಬೈಟ್ ಎಂದು ಮುದ್ರಿಸಿರುತ್ತಾರೆ. ಅದು ಒಂದೇ ದೊಡ್ಡ ಕಡತವನ್ನು ಮೊದಲಿನಿಂದ ಕೊನೆಯವರೆಗೆ ಸಲೀಸಾಗಿ ಓದುವಾಗಿನ ವೇಗ. ಮದುವೆಯ ವಿಡಿಯೊ ತೆಗೆಯುವವರಿಗೆ ಆ ಅಂಕಿ ಮುಖ್ಯ. ಯಂತ್ರವನ್ನು ಎಬ್ಬಿಸಲು ಬೇಕಾದದ್ದು ಚದುರಿದ ತುಣುಕುಗಳನ್ನು ಹೆಕ್ಕುವ ಚುರುಕು. ಗ್ರಂಥವನ್ನು ಓಘದಲ್ಲಿ ಪಾರಾಯಣ ಮಾಡಬಲ್ಲವನೇ ಕೇಳಿದ ವಚನವನ್ನು ತಟ್ಟನೆ ತೆಗೆದು ತೋರಿಸಬಲ್ಲನೆಂದು ಹೇಳಲಾಗದು; ಎರಡೂ ಬೇರೆ ಬೇರೆ ಸಾಮರ್ಥ್ಯಗಳು. ಈ ಎರಡನೆಯ ಸಾಮರ್ಥ್ಯವನ್ನು ಗುರುತಿಸಲೆಂದೇ ‘ಎ1’ ಮತ್ತು ‘ಎ2’ ಎಂಬ ದರ್ಜೆಗಳಿವೆ. ಎ1 ಎಂದಿದ್ದರೆ ಸೆಕೆಂಡಿಗೆ ಕನಿಷ್ಠ 1500 ಬಿಡಿ ಓದುಗಳು, 500 ಬಿಡಿ ಬರಹಗಳು. ಎ2 ಎಂದಿದ್ದರೆ 4000 ಓದುಗಳು, 2000 ಬರಹಗಳು. ಎ2ರ ಪೂರ್ಣ ಲಾಭ ದೊರೆಯಬೇಕಾದರೆ ಯಂತ್ರವೂ ಆ ವಿಧಾನವನ್ನು ಬಲ್ಲದ್ದಾಗಿರಬೇಕು. ನಮ್ಮಂತಹ ಹಳೆಯ ಯಂತ್ರಗಳಿಗೆ ಎ1 ಸಾಕು. ಹಾರ್ಡ್ ಡಿಸ್ಕಿನ ನೂರರೊಡನೆ ಈ ಸಾವಿರದೈನೂರನ್ನು ಹೋಲಿಸಿದರೆ, ಉಗುರಗಲದ ಬಿಲ್ಲೆ ಅಂಗೈಯಗಲದ ಪೆಟ್ಟಿಗೆಯನ್ನು ಹೇಗೆ ಹಿಂದೆ ಹಾಕಿತೆಂಬುದು ತಿಳಿಯುತ್ತದೆ.

ಕೊಳ್ಳುವಾಗ ಎಚ್ಚರ ಬೇಕು. ಪೇಟೆಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ನಿಲಯಕ್ಕೆ ಬಂದ ಒಂದು ಕಾರ್ಡಿನ ಮೇಲೆ 128 ಗಿಗಾಬೈಟ್ ಎಂದು ಅಚ್ಚಾಗಿತ್ತು. ಯಂತ್ರಕ್ಕೆ ಹಾಕಿದರೂ ಅದು 128 ಎಂದೇ ತೋರಿಸಿತು. ಹುಡುಗರು ಎಫ್3 ಎಂಬ ಉಚಿತ ತಂತ್ರಾಂಶದಿಂದ ಪೂರ್ತಿ ಬರೆದು, ಮರಳಿ ಓದಿ ಪರೀಕ್ಷಿಸಿದಾಗ ನಿಜವಾಗಿ ಉಳಿದದ್ದು 8 ಗಿಗಾಬೈಟ್ ಮಾತ್ರ. ಇಂತಹ ಸುಳ್ಳು ಬಿಲ್ಲೆಗಳಲ್ಲಿ ಅಳತೆ ಮೀರಿ ತುಂಬಿದ್ದೆಲ್ಲ ಸದ್ದಿಲ್ಲದೆ ನಷ್ಟವಾಗುತ್ತದೆ. ಮಕ್ಕಳ ಫೋಟೊಗಳನ್ನು ಕಾರ್ಡಿನಲ್ಲಿಟ್ಟುಕೊಳ್ಳುವ ತಾಯಂದಿರೂ ಹೊಸ ಕಾರ್ಡನ್ನು ಮೊದಲು ಹೀಗೆ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ಶಿಷ್ಯನು ಮಾಡಿದ ಕೆಲಸವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಎಷ್ಟೋ ಯಂತ್ರಗಳು ತಮ್ಮಲ್ಲೇ ಇರುವ ಕಾರ್ಡಿನ ಕಿಂಡಿಯಿಂದ ಎಚ್ಚರಗೊಳ್ಳಲಾರವು. ಯುಎಸ್‌ಬಿ ಮೂಲಕ ಬಂದದ್ದನ್ನು ಮಾತ್ರ ಸ್ವೀಕರಿಸುತ್ತವೆ. ಆದುದರಿಂದ ಕಾರ್ಡನ್ನು ಚಿಕ್ಕ ಯುಎಸ್‌ಬಿ ರೀಡರಿನಲ್ಲಿಟ್ಟು, ಯಂತ್ರದ ಹಿಂಭಾಗದಲ್ಲಿ ಸಾಮಾನ್ಯವಾಗಿ ನೀಲಿ ಬಣ್ಣದಲ್ಲಿರುವ ವೇಗದ ಕಿಂಡಿಗೆ ಸಿಕ್ಕಿಸಿದನು. ಹಳೆಯ ಬಗೆಯ ಕಿಂಡಿಗೆ ಸಿಕ್ಕಿಸಿದರೆ ಎಂತಹ ಕಾರ್ಡಾದರೂ ಕುಂಟುತ್ತದೆ. ವಿಂಡೋಸ್ ಕಾರ್ಡಿನ ಮೇಲೆ ನೆಲೆಸಲು ಒಪ್ಪುವುದಿಲ್ಲವಾದ್ದರಿಂದ ಉಚಿತವಾಗಿ ದೊರೆಯುವ ಲಿನಕ್ಸ್ ವ್ಯವಸ್ಥೆಯನ್ನು ಅದರಲ್ಲಿ ತುಂಬಿದನು. ಮಕ್ಕಳು ಕಲಿತಿದ್ದ ಕನ್ನಡ ಕೀಲಿಮಣೆಯ ವಿನ್ಯಾಸ ಅದರಲ್ಲೂ ‘ಕಗಪ’ ಎಂಬ ಹೆಸರಿನಲ್ಲಿ ಇರುವುದರಿಂದ ಬೆರಳುಗಳಿಗೆ ಹೊಸ ಅಭ್ಯಾಸ ಬೇಕಾಗಲಿಲ್ಲ. ಇವುಗಳ ಜೊತೆಗೆ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಮೂರು ಗಣಕಯಂತ್ರಗಳನ್ನೂ ತಂದು ಹಳೆಯ ಪರದೆಗಳಿಗೆ ಜೋಡಿಸಿದನು. ಮಕ್ಕಳಿಗೆ ಗಣಕವಿದ್ಯೆ ಕಲಿಸಲೆಂದೇ ಬ್ರಿಟನ್ನಿನ ಒಂದು ಧರ್ಮಾರ್ಥ ಸಂಸ್ಥೆ 2012ರ ಫೆಬ್ರವರಿ 29ರಂದು ಹೊರತಂದ ಯಂತ್ರವದು. ಅದಕ್ಕೆ ಹಾರ್ಡ್ ಡಿಸ್ಕೇ ಇಲ್ಲ. ಹುಟ್ಟಿನಿಂದಲೂ ಅದು ಎಚ್ಚರಗೊಳ್ಳುವುದು ಕಾರ್ಡಿನಿಂದಲೇ.

ಇನ್ನು ಈ ಬಿಲ್ಲೆಯ ದೌರ್ಬಲ್ಯದ ಮಾತು. ನನ್ನ ದೃಷ್ಟಿಯಲ್ಲಿ ಇದೇ ಮುಖ್ಯವಾದದ್ದು. ಓಲೆಗರಿಯ ಮೇಲೆ ಕಬ್ಬಿಣದ ಕಂಠದಿಂದ ಕೊರೆದದ್ದು ಕೊರೆದದ್ದೇ, ಅಳಿಸಿ ಬರೆಯುವಂತಿಲ್ಲ. ಪಾಟಿಯ ಮೇಲೆ ಬರೆದದ್ದನ್ನು ಎಷ್ಟು ಸಲವಾದರೂ ಒರೆಸಬಹುದು. ಮೆಮೊರಿ ಕಾರ್ಡು ಒಂದು ವಿಚಿತ್ರವಾದ ಪಾಟಿ: ಒರೆಸಿದಷ್ಟೂ ಸವೆಯುತ್ತದೆ. ಅದರಲ್ಲಿ ಓದುವುದರಿಂದ ಹೇಳಿಕೊಳ್ಳುವಂತಹ ಸವಕಳಿಯಿಲ್ಲ. ಆದರೆ ಕೋಶವನ್ನು ಅಳಿಸದೆ ಹೊಸದನ್ನು ಬರೆಯಲು ಬಾರದು. ಅದೂ ಒಂದು ಅಕ್ಷರವನ್ನು ಮಾತ್ರ ಅಳಿಸಲಾಗದು, ಇಡೀ ಗುಂಪನ್ನೇ ಅಳಿಸಬೇಕು. ಒಂದೊಂದು ಕೋಶದಲ್ಲಿ ಒಂದೇ ಅಂಶವನ್ನಿಡುವ ಹಿಂದಿನ ದುಬಾರಿ ಬಗೆ ಸುಮಾರು 1 ಲಕ್ಷ ಸಲ ಅಳಿಸುವುದನ್ನು ತಾಳುತ್ತಿತ್ತು. ಮೂರು ಅಂಶಗಳನ್ನು ತುರುಕುವ ಈಗಿನ ಅಗ್ಗದ ಬಗೆ ತಾಳುವುದು ಸಾವಿರದ ಲೆಕ್ಕದಲ್ಲಿ ಮಾತ್ರ. ಕಾರ್ಡಿನೊಳಗಿನ ನಿಯಂತ್ರಕವು ಸವಕಳಿಯನ್ನು ಎಲ್ಲ ಕೋಶಗಳಿಗೂ ಹಂಚಲು ಪ್ರಯತ್ನಿಸುತ್ತದೆ. ಆದರೂ ಕಾರ್ಯವ್ಯವಸ್ಥೆ ನಮಗೆ ಕಾಣದಂತೆ ದಿನವಿಡೀ ಏನನ್ನಾದರೂ ಗೀಚುತ್ತಲೇ ಇರುತ್ತದೆ. ಅಂತಹ ಹೊತ್ತಿನಲ್ಲಿ ವಿದ್ಯುತ್ ಹೋದರೆ ಬರೆಯುತ್ತಿದ್ದುದರ ಜೊತೆಗೆ ಅದೇ ಗುಂಪಿನಲ್ಲಿದ್ದ ಹಳೆಯದೂ ಕೆಡಬಹುದು. ನಮ್ಮ ಹಳ್ಳಿಗಳಲ್ಲಿ ವಿದ್ಯುತ್ ಹೇಳಿ ಕೇಳಿ ಹೋಗುವುದಿಲ್ಲವಷ್ಟೆ!

ಇದಕ್ಕೆ ಶಿಷ್ಯನು ಮಾಡಿದ ಉಪಾಯ ಸೊಗಸಾದದ್ದು. ಕಾರ್ಡಿನಲ್ಲಿರುವ ವ್ಯವಸ್ಥೆಯನ್ನು ಓದಲು ಮಾತ್ರ ಬರುವಂತೆ ಬಿಗಿದು, ಅದರ ಮೇಲೊಂದು ತೆಳುಪರದೆ ಹಾಸಿದಂತೆ, ದಿನದ ಗೀಚಾಟವೆಲ್ಲ ಯಂತ್ರದ ತಾತ್ಕಾಲಿಕ ಸ್ಮೃತಿಯಲ್ಲೇ ನಡೆಯುವಂತೆ ಏರ್ಪಡಿಸಿದನು. ಯಂತ್ರ ಆರಿಸಿದೊಡನೆ ಆ ಪರದೆ ಮಾಯವಾಗುತ್ತದೆ. ಮರುದಿನ ಮುಂಜಾನೆ ಮಕ್ಕಳ ಮುಂದೆ ತೊಳೆದ ಪಾಟಿಯಂತೆ ಶುಭ್ರವಾದ ಯಂತ್ರ. ತುಂಟ ಹುಡುಗನೊಬ್ಬ ಏನನ್ನು ಕೆಡಿಸಿದರೂ ಅದು ಆ ಸಂಜೆಗೆ ಮುಗಿಯಿತು. ಕಾರ್ಡಿಗೆ ಬರಹದ ಸವಕಳಿಯೂ ಇಲ್ಲ, ನಡುವೆ ವಿದ್ಯುತ್ ಹೋದರೆ ವ್ಯವಸ್ಥೆ ಕೆಡುವ ಭಯವೂ ಇಲ್ಲ.

ಹಾಗಾದರೆ ಮಕ್ಕಳು ಬರೆದದ್ದು, ನಾವು ಪ್ರತಿಮಾಡಿದ ವಚನಗಳು ಎಲ್ಲಿ ಉಳಿಯಬೇಕು? ನಾನು ಪಟ್ಟುಹಿಡಿದು ಕೇಳಿದ ಪ್ರಶ್ನೆ ಇದೊಂದೇ. ಹೆಚ್ಚು ಸವಕಳಿ ತಾಳುವ, ಕಾರ್ಡಿಗಿಂತ ಹಲವು ಪಟ್ಟು ಚುರುಕಾದ ಎಸ್‌ಎಸ್‌ಡಿ ಎಂಬ ಸಂಗ್ರಹವನ್ನು ಐದು ಯಂತ್ರಗಳಲ್ಲಿ ಒಂದಕ್ಕೆ ಮಾತ್ರ ಕೊಳ್ಳುವಷ್ಟು ಹಣ ಕೂಡಿಬಂದಿತು. ಓಲೆಗರಿಯ ಕೆಲಸ ಆ ಯಂತ್ರದಲ್ಲಿ. ಉಳಿದ ಏಳು ಯಂತ್ರಗಳು ಕಾರ್ಡಿನಿಂದ ಎದ್ದು, ತಮ್ಮಲ್ಲಿ ಬರೆದುದನ್ನು ತಂತಿಯ ಮೂಲಕ ಅದಕ್ಕೇ ಒಪ್ಪಿಸುತ್ತವೆ. ಅದರಿಂದ ವಾರಕ್ಕೊಮ್ಮೆ ಎರಡು ಪ್ರತಿಗಳಾಗುತ್ತವೆ. ಒಂದು ಭಂಡಾರದ ಪೆಟ್ಟಿಗೆಗೆ, ಇನ್ನೊಂದು ಊರಾಚೆಯ ಭಕ್ತರೊಬ್ಬರ ಮನೆಗೆ. ಎಸ್‌ಎಸ್‌ಡಿ ಹಾಕಲು ಅನುಕೂಲವಿದ್ದವರು ಅದನ್ನೇ ಹಾಕುವುದು ಮೇಲೆಂದು ನಾನೂ ಹೇಳುತ್ತೇನೆ. ಅನುಕೂಲವಿಲ್ಲದಲ್ಲಿ, ಹಾರ್ಡ್ ಡಿಸ್ಕ್ ಸತ್ತಲ್ಲಿ, ಸಣ್ಣ ಯಂತ್ರಗಳಲ್ಲಿ ಒಳ್ಳೆಯ ಕಾರ್ಡು ಮರ್ಯಾದೆಯಿಂದ ದುಡಿಯುತ್ತದೆ. ಅದರಿಂದ ಎಚ್ಚರಿಸುವ ಕೆಲಸ ಮಾಡಿಸಬೇಕು. ಕಾಯುವ ಕೆಲಸವನ್ನು ಅದೊಂದಕ್ಕೇ ವಹಿಸಬಾರದು.

ಈ ಮಾತಿಗೆ ನಮ್ಮ ಪರಂಪರೆಯಲ್ಲೇ ಆಧಾರವಿದೆ. ಹನ್ನೆರಡನೆಯ ಶತಮಾನದ ವಚನಗಳು ನಮ್ಮವರೆಗೆ ಬಂದದ್ದು ಯಾವುದೋ ಒಂದು ಗಟ್ಟಿಯಾದ ಓಲೆಯಿಂದಲ್ಲ. ಗೆದ್ದಲು, ತೇವ, ಬೆಂಕಿಗಳಿಗೆ ಎಷ್ಟೋ ಕಟ್ಟುಗಳು ತುತ್ತಾದವು. ಆದರೂ ಊರೂರ ಮಠಗಳಲ್ಲಿ, ಭಕ್ತರ ಮನೆಯ ಜಗುಲಿಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಪ್ರತಿಮಾಡಿ ಇಟ್ಟವರಿದ್ದರು. ವಿಜಯಪುರದ ವಕೀಲ ಫ. ಗು. ಹಳಕಟ್ಟಿಯವರು ಆ ಕಟ್ಟುಗಳನ್ನು ಮನೆ ಮನೆ ಅಲೆದು ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚಿನಲ್ಲಿ ತಂದರು. ಒಂದು ಓಲೆ ನೂರಾರು ಪುಸ್ತಕಗಳಾದ ಮೇಲೆ ಅದನ್ನು ಗೆದ್ದಲು ತಿನ್ನಲಾರದು. ವಸ್ತು ಯಾವುದೇ ಇರಲಿ, ಓಲೆಯಿರಲಿ, ಕಾಗದವಿರಲಿ, ಸಿಲಿಕಾನ್ ಇರಲಿ, ಉಳಿಸುವುದು ಪ್ರತಿಮಾಡುವ ಕೈ. ಆ ಕೈ ದಣಿದ ದಿನ ಯಾವ ಯಂತ್ರವೂ ನಮ್ಮನ್ನು ಕಾಯದು.

ಇಲ್ಲಿ ಒಂದು ಮಾತನ್ನು ಸೇರಿಸಬೇಕು. ಹುಡುಗನೊಬ್ಬ ತನ್ನ ಕಾರ್ಡನ್ನು ಚಿಕ್ಕ ಡಬ್ಬಿಯಲ್ಲಿಟ್ಟುಕೊಂಡು, “ಗುರುಗಳೇ, ಇದೂ ಒಂದು ಕರಡಿಗೆ” ಎಂದು ನಕ್ಕನು. ಅವನನ್ನು ಗದರಲಿಲ್ಲ. “ಮಗೂ, ಕರಡಿಗೆಯಲ್ಲಿರುವುದು ನಿನ್ನ ಅರಿವಿನ ಕುರುಹು, ಡಬ್ಬಿಯಲ್ಲಿರುವುದು ನಿನ್ನ ಕೈಯ ಸಾಧನ. ಮೊದಲನೆಯದನ್ನು ಪೂಜಿಸು, ಎರಡನೆಯದನ್ನು ಜೋಪಾನ ಮಾಡು, ಎರಡನ್ನೂ ಬೆರೆಸಬೇಡ” ಎಂದೆ. ಸಾಧನವನ್ನು ತಿರಸ್ಕರಿಸುವುದೂ ಬೇಡ, ಅದನ್ನೇ ಸಾಧ್ಯವೆಂದು ಭ್ರಮಿಸುವುದೂ ಬೇಡ.

ನಮ್ಮ ಸಮಾಜದ ಎಷ್ಟೋ ಮನೆಗಳ ಅಟ್ಟದಲ್ಲಿ ಹಳೆಯ ಗಣಕಯಂತ್ರಗಳು ಧೂಳು ತಿನ್ನುತ್ತಿರಬಹುದು. ಅವುಗಳನ್ನು ಗುಜರಿಗೆ ಕೊಡುವ ಮುನ್ನ ಊರಿನ ಶಾಲೆಯನ್ನೋ ಪ್ರಸಾದ ನಿಲಯವನ್ನೋ ನೆನೆಯಿರಿ. ಮನೆಯಲ್ಲಿ ತಂತ್ರಜ್ಞಾನ ಓದಿದ ಮಕ್ಕಳಿದ್ದರೆ ರಜೆಯ ಎರಡು ದಿನಗಳನ್ನು ಈ ಸೇವೆಗೆ ಕೊಡಲು ಹೇಳಿರಿ. ನಮ್ಮ ನಿಲಯದಲ್ಲಿ ಈಗ ಎಂಟು ಯಂತ್ರಗಳು ನಡೆಯುತ್ತಿವೆ. ಸಂಜೆಯ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳು ಪಾಳಿಯ ಮೇಲೆ ಕೂತು ತಮ್ಮ ಅರ್ಜಿಗಳನ್ನು ತಾವೇ ತುಂಬುತ್ತಾರೆ. ಭಂಡಾರದಲ್ಲಿ ಬಿಚ್ಚಬೇಕಾದ ಕಟ್ಟುಗಳು ಇನ್ನೂ ಬಹಳ ಉಳಿದಿವೆ, ಕೆಲಸ ನಡೆದಿದೆ.